ಹಿತ್ತಲಲ್ಲೊಂದು ಮನೆ

'ಹಿತ್ತಲು' ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಅಷ್ಟೇನೂ ಮರ್ಯಾದೆಯಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂದು ಗಾದೆಯೇ ಉಂಟು. ನೆಂಟರು ಬರುವುದು ಮುಂಬಾಗಿಲಿನಿಂದ; ಸೌದೆ ಬರುವುದು, ಸಗಣಿ ಹೋಗುವುದು, ಸಾಲ ಕೊಟ್ಟವನನ್ನು ಕಂಡ ಯಜಮಾನ ಮೆಲ್ಲಗೆ ಜಾರಿಕೊಳ್ಳುವುದು ಹಿತ್ತಲ ಬಾಗಿಲಿನಿಂದ. ಬಾವಿ, ಬಚ್ಚಲು, ಕಕ್ಕಸು, ದನದ ಕೊಟ್ಟಿಗೆ ಇವೆಲ್ಲ ಅಲ್ಲಿ. ತಿಂಗಳಿಗೆ ಮೂರು ದಿನ ಹೆಂಗಸರನ್ನು ಹೊರಗೆ ಕೂರಿಸುತ್ತಿದ್ದುದೂ ಅನೇಕ ಮನೆಗಳಲ್ಲಿ ಅಲ್ಲಿಯೇ. ಆದುದರಿಂದ ವಯಸ್ಸಾದ ತಾಯಿಗಾಗಿ ಹಿತ್ತಲಿನಲ್ಲಿ ಮನೆ ಕಟ್ಟುತ್ತೇನೆಂದು ಹೊರಟವನು ಮೊದಲು ಎದುರಿಸಬೇಕಾದುದು ಇಂಜಿನಿಯರನ್ನಲ್ಲ, ಈ ಮಾತನ್ನು.

ನಮ್ಮದು ತಿಪಟೂರು ಸೀಮೆಯ ಒಂದು ಊರು. ತಂದೆಯವರು ಕಾಲವಾದ ಮೇಲೆ ತಾಯಿಯವರು ಹಳೆಯ ಮನೆಯಲ್ಲಿ ನಮ್ಮೊಡನೆಯೇ ಇದ್ದರು. ಆ ಮನೆಗೆ ಬೀದಿಯಿಂದ ಜಗಲಿಗೆ ನಾಲ್ಕು ಮೆಟ್ಟಿಲು, ಒಳಗೆ ಕೋಣೆಗೊಂದು ಹೊಸ್ತಿಲು, ಬಚ್ಚಲಿಗೆ ಇಳಿಯಲು ಮತ್ತೆ ಎರಡು ಮೆಟ್ಟಿಲು. ಎಪ್ಪತ್ತಾರನೆಯ ವಯಸ್ಸಿನಲ್ಲಿ ಬಚ್ಚಲ ಮೆಟ್ಟಿಲಿನ ಮೇಲೆ ಜಾರಿ ಅವರ ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಆದರೆ ಅಂದಿನಿಂದ ಸ್ನಾನಕ್ಕೆ ಹೋಗಬೇಕಾದರೆ ಯಾರಾದರೊಬ್ಬರು ಜೊತೆಗಿರಬೇಕಾಯಿತು. ಅವರಿಗೆ ನೋವಾದುದು ಕೈಯಿಗಿಂತ ಹೆಚ್ಚಾಗಿ ಇದರಿಂದ. ಹಳೆಯ ಮನೆಯನ್ನೇ ತಿದ್ದೋಣವೆಂದು ನೋಡಿದರೆ, ಅದರ ಗೋಡೆಗಳು ಎರಡಡಿ ದಪ್ಪ, ಬಾಗಿಲುಗಳು ಎರಡಡಿ ಅಗಲ. ಒಂದನ್ನು ಒಡೆದರೆ ಮಿಕ್ಕದ್ದು ತಾನಾಗಿ ಬರುವಂತಿತ್ತು. ಹಿತ್ತಲಿನಲ್ಲಿ ಪಾಳು ಬಿದ್ದ ಕೊಟ್ಟಿಗೆಯ ಜಾಗವಿತ್ತು. ಅಲ್ಲಿ ಒಂದು ಪುಟ್ಟ ಮನೆ ಕಟ್ಟೋಣವೆಂದಾಗ ತಾಯಿಯವರು ಕೇಳಿದ್ದು ಒಂದೇ ಮಾತು: "ನನ್ನ ಹಿತ್ತಲಿಗೆ ಹಾಕ್ತೀಯೇನಪ್ಪಾ?"

ಈ ಪ್ರಶ್ನೆಗೆ ಉತ್ತರವನ್ನು ಬಾಯಿಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ, ಕಟ್ಟಡದಲ್ಲಿಯೇ ಹೇಳಬೇಕು. ಅದನ್ನು ಹೇಗೆ ಹೇಳಬಹುದೆಂಬುದೇ ಈ ಲೇಖನದ ವಿಷಯ. ನಾನು ಚರಿತ್ರೆಯ ಅಧ್ಯಾಪಕನೇ ಹೊರತು ಶಿಲ್ಪಿಯಲ್ಲ. ಆದರೂ ಮನೆ ಮುಗಿದ ಮೇಲೆ ಸಹೋದ್ಯೋಗಿಗಳೂ ವಿದ್ಯಾರ್ಥಿಗಳ ತಂದೆತಾಯಿಗಳೂ ಅಳತೆಗಳನ್ನು ಕೇಳಿಕೊಂಡು ಬರುತ್ತಿರುವುದರಿಂದ, ಇಲ್ಲಿ ಒಟ್ಟಿಗೆ ಬರೆದಿಡುವುದು ಒಳ್ಳೆಯದೆಂದು ತೋರಿತು. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಹೆಚ್ಚು. ಕೇಳುವವರು ಕಡಿಮೆಯಾಗಲಾರರು.

ಮುದುಕರಿಗೆ ಬೇರೆ ಮನೆ ಎಂಬ ಕಲ್ಪನೆ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಬೆರ್ನ್ ಪ್ರಾಂತದ ರೈತರಲ್ಲಿ ದೊಡ್ಡ ಮನೆಯ ಪಕ್ಕದಲ್ಲಿಯೇ 'ಸ್ಟೊಕ್ಲಿ' ಎಂಬ ಚಿಕ್ಕ ಮನೆಯಿರುತ್ತದೆ. ಮಗನಿಗೆ ಹೊಲಮನೆ ವಹಿಸಿಕೊಟ್ಟ ದಿನ ತಂದೆತಾಯಿ ದೊಡ್ಡ ಮನೆ ಬಿಟ್ಟು ಅದರೊಳಕ್ಕೆ ಹೋಗುತ್ತಾರೆ. ಜರ್ಮನ್ ಸೀಮೆಗಳ ರೈತರು ಇದಕ್ಕೆ ಕರಾರುಪತ್ರವನ್ನೇ ಬರೆಸುತ್ತಿದ್ದರು: ಮುದುಕರಿಗೆ ವಾಸಕ್ಕೆ ಇಂಥ ಜಾಗ, ವರ್ಷಕ್ಕೆ ಇಷ್ಟು ಧಾನ್ಯ, ಇಷ್ಟು ಹಾಲು, ಇಷ್ಟು ಸೌದೆ. ಮಗನ ಮೇಲೆ ಪ್ರೀತಿಯಿಲ್ಲದೆ ಬರೆಸಿದ್ದೆಂದು ಹೇಳಲಾಗದು. ಪ್ರೀತಿಯ ಹೊರೆಯನ್ನು ಕಾಗದ ಸ್ವಲ್ಪ ಹೊತ್ತುಕೊಳ್ಳಲಿ ಎಂದಿರಬೇಕು. ಈಚೆಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2017ರಿಂದ ಜಾರಿಗೆ ಬಂದ ಶಾಸನಗಳು ಹಿತ್ತಲ ಮನೆಗಳಿಗೆ ಅನುಮತಿ ಸಿಗುವುದನ್ನು ಸುಲಭ ಮಾಡಿದವು. ನಮ್ಮಲ್ಲಿ ಕೂಡು ಕುಟುಂಬದ ಹೆಮ್ಮೆಯಿದ್ದುದರಿಂದ ಇಂಥ ಏರ್ಪಾಡು ಬೆಳೆಯಲಿಲ್ಲ. ಆದರೆ ಕರಾರಿನ ವಿಷಯ ನಮಗೂ ಬೇಕಾದುದೇ. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾನೂನಿನಲ್ಲಿ, ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡವನು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದುಪಡಿಸಲು ಅವಕಾಶವಿದೆ. ನಾವು ಅದಕ್ಕೂ ಮೊದಲ ಹೆಜ್ಜೆಯಲ್ಲೇ ನಿಂತೆವು. ಹಿತ್ತಲಿನ ಖಾತೆ ತಾಯಿಯವರ ಹೆಸರಿನಲ್ಲಿದೆ, ಅಲ್ಲಿಯೇ ಇರುತ್ತದೆ. ತಮ್ಮ ನೆಲದಲ್ಲಿ ಎದ್ದ ಮನೆಗೆ ಅವರು ಹೋಗುತ್ತಾರೆಯೇ ಹೊರತು ನಮ್ಮ ಮನೆಯಿಂದ ಹೊರಗೆ ಹೋಗುವುದಿಲ್ಲ.

ಇನ್ನು ಕಟ್ಟಡ. ಸಾಮಾನ್ಯವಾಗಿ ಮನೆಯ ಅಳತೆಯನ್ನು ನಿವೇಶನದಿಂದ ತೆಗೆಯುತ್ತಾರೆ, ಇಲ್ಲವೆ ಆಯದ ಲೆಕ್ಕದಿಂದ. ಇಲ್ಲಿ ಅದನ್ನು ಒಂದು ಮೈಯಿಂದ ತೆಗೆಯಬೇಕು. ಮೊಣಕಾಲು ಎಷ್ಟು ಮಡಿಯುತ್ತದೆ, ಕೈ ಎಷ್ಟು ಎತ್ತರಕ್ಕೆ ಹೋಗುತ್ತದೆ, ಕುಳಿತವರು ಏಳುವಾಗ ಯಾವ ಕೈಯನ್ನು ಊರುತ್ತಾರೆ, ಇವುಗಳನ್ನು ನೋಡಿ ಬರೆದುಕೊಳ್ಳಬೇಕು. ಜೊತೆಗೆ ಮುಂದೆ ಬರಬಹುದಾದ ದಿನವನ್ನೂ ಎಣಿಸಬೇಕು. ಇಂದು ನಡೆಯುವವರು ನಾಳೆ ಕೋಲು ಹಿಡಿಯಬಹುದು, ನಾಡಿದ್ದು ಗಾಲಿಕುರ್ಚಿಯಲ್ಲಿ ಕೂರಬಹುದು. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಮಂತ್ರಾಲಯವು ಅಂಗವಿಕಲರಿಗೂ ವೃದ್ಧರಿಗೂ ಸುಗಮವಾದ ಕಟ್ಟಡಗಳ ಬಗ್ಗೆ 2021ರಲ್ಲಿ ಒಂದು ಮಾರ್ಗಸೂಚಿಯನ್ನು ಪ್ರಕಟಿಸಿದೆ. ಅದರಿಂದ ಮೂರು ಅಂಕೆಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಮನೆ ಆದಂತೆಯೇ. ಬಾಗಿಲು ತೆರೆದಾಗ ಸಿಗುವ ಅಗಲ 900 ಮಿಲಿಮೀಟರ್, ಅಂದರೆ ಮೂರಡಿ. ಗಾಲಿಕುರ್ಚಿ ಒಂದು ಸುತ್ತು ತಿರುಗಲು 1500 ಮಿಲಿಮೀಟರ್, ಅಂದರೆ ಐದಡಿ. ಇಳಿಜಾರಿನ ಹಾದಿ 1ಕ್ಕೆ 12, ಅಂದರೆ ಒಂದು ಅಂಗುಲ ಏರಲು ಹನ್ನೆರಡು ಅಂಗುಲ ಉದ್ದ.

ಈ ಕೊನೆಯ ಲೆಕ್ಕವನ್ನು ನಮ್ಮ ಮೇಸ್ತ್ರಿ ಮೊದಲು ಒಪ್ಪಲಿಲ್ಲ. ಬೈಕು ಹತ್ತಿಸಲು ಮನೆಗಳ ಮುಂದೆ ಹಾಕುವ ಇಳಿಜಾರು ಮೂರಡಿಯಲ್ಲಿ ಮುಗಿಯುತ್ತದೆ. ಮುದುಕಿಗೇಕೆ ಹದಿನೆಂಟು ಅಡಿ ಎಂದು ಅವರ ವಾದ. ಒಂದೂವರೆ ಅಡಿ ಎತ್ತರವನ್ನು ಮೂರಡಿಯಲ್ಲಿ ಏರಿಸಿದರೆ ಅದು ಹಾದಿಯಲ್ಲ, ಜಾರುಬಂಡೆ. ಕೊನೆಗೆ ನೆಲವೇ ನಮಗೆ ನೆರವಾಯಿತು. ಹಿತ್ತಲು ದೊಡ್ಡ ಮನೆಯ ಕಡೆಗೆ ಸ್ವಲ್ಪ ಎತ್ತರ, ಬೇಲಿಯ ಕಡೆಗೆ ತಗ್ಗು. ಬಾಗಿಲನ್ನು ಎತ್ತರದ ಕಡೆಗೆ ಇಟ್ಟುದರಿಂದ ಅಲ್ಲಿ ಪಾಯದ ಎತ್ತರ ಒಂಬತ್ತು ಅಂಗುಲ ಮಾತ್ರ ಉಳಿಯಿತು. ಹಾದಿ ಒಂಬತ್ತಡಿಗೆ ಮುಗಿಯಿತು. ಎರಡು ಪಕ್ಕಕ್ಕೂ ಕೈಹಿಡಿ, ಬಾಗಿಲ ಮುಂದೆ ಐದಡಿ ಸಮತಟ್ಟು. ಇಳಿಜಾರಿನ ತುದಿಯಲ್ಲಿಯೇ ಬಾಗಿಲಿದ್ದರೆ ಚಿಲಕ ತೆಗೆಯುವವರು ಹಿಂದಕ್ಕೆ ಜಾರುತ್ತಾರೆ. ತಿಪಟೂರು ಸೀಮೆಯ ಓದುಗರಿಗೆ ಇನ್ನೊಂದು ಮಾತು ಸೇರಿಸಬೇಕು. ದೊಡ್ಡ ಮನೆಯಿಂದ ಬರುವ ಹಾದಿ ತೆಂಗಿನ ಮರದ ಬುಡದಲ್ಲಿ ಹಾಯಬಾರದು. ಗರಿಯಾಗಲಿ ಕಾಯಾಗಲಿ ಬೀಳುವ ಮುನ್ನ ಹೇಳಿ ಬೀಳುವುದಿಲ್ಲ.

ಹೊಸ್ತಿಲಿನ ಮೇಲೆ ನಮ್ಮ ಮನೆಯಲ್ಲಿ ಒಂದು ವಾರ ಚರ್ಚೆ ನಡೆಯಿತು. ಹೊಸ್ತಿಲಿಲ್ಲದ ಮನೆ ಮನೆಯೇ ಅಲ್ಲವೆಂದು ತಾಯಿಯವರು. ಅದಕ್ಕೆ ಅರಿಸಿನ ಕುಂಕುಮ ಇಡಬೇಕು, ಮುಂದೆ ರಂಗೋಲಿ ಹಾಕಬೇಕು. ಕಾಲೆಡವಿ ಬೀಳುವುದಕ್ಕೆ ಹೊಸ್ತಿಲಿಗಿಂತ ಒಳ್ಳೆಯ ಸಾಧನ ಬೇರೆ ಇಲ್ಲವೆಂದು ನಾನು. ಬಡಗಿ ಈ ವ್ಯಾಜ್ಯವನ್ನು ಬಗೆಹರಿಸಿದರು. ಬೇವಿನ ಮರದ ಹೊಸ್ತಿಲನ್ನು ನೆಲಕ್ಕೆ ಸಮನಾಗಿ ಹೂಳಿ, ಅರ್ಧ ಅಂಗುಲಕ್ಕಿಂತ ಕಡಿಮೆ ಮೇಲಕ್ಕೆ ಬಿಟ್ಟು, ಎರಡೂ ಅಂಚನ್ನು ದುಂಡಗೆ ಕೆತ್ತಿದರು. ಪೂಜೆಗೆ ಹೊಸ್ತಿಲಿದೆ, ಕಾಲಿಗಿಲ್ಲ.

ಒಳಗಿನ ಮನೆ ಒಟ್ಟು 300 ಚದರಡಿ. ಮಧ್ಯೆ 14 ಅಡಿ ಉದ್ದ 12 ಅಡಿ ಅಗಲದ ಕೋಣೆ, ಪೂರ್ವಕ್ಕೆ ಅಡಿಗೆಮನೆ, ಪಶ್ಚಿಮಕ್ಕೆ ಬಚ್ಚಲು. ಕಕ್ಕಸು ಮಲಗುವ ಕೋಣೆಗೆ ಅಂಟಿಕೊಂಡಿರುವುದು ತಾಯಿಯವರ ಮನಸ್ಸಿಗೆ ಒಗ್ಗುವ ಮಾತಾಗಿರಲಿಲ್ಲ. ಅಡಿಗೆಮನೆಯ ಗೋಡೆಗೂ ಅದಕ್ಕೂ ಸಂಬಂಧವಿರಬಾರದೆಂಬ ಷರತ್ತಿನ ಮೇಲೆ ಒಪ್ಪಿದರು. ಆದ್ದರಿಂದಲೇ ಎರಡನ್ನೂ ಎರಡು ಕೊನೆಗೆ ಇಟ್ಟದ್ದು. ಇದರಿಂದ ಎಣಿಸದ ಲಾಭವೂ ಆಯಿತು. ನಮ್ಮ ಕಡೆ ಗೋಡೆಯನ್ನು ಕಾಯಿಸುವುದು ಸಂಜೆಯ ಬಿಸಿಲು. ಅದು ಈಗ ಬಚ್ಚಲ ಗೋಡೆಗೆ ಬೀಳುತ್ತದೆ, ಮಲಗುವ ಕೋಣೆಗೆ ತಾಕುವುದಿಲ್ಲ. ಬಚ್ಚಲ ನೆಲವೂ ರಾತ್ರಿಯ ಹೊತ್ತಿಗೆ ಒಣಗಿರುತ್ತದೆ.

ಬಚ್ಚಲಿನ ವಿಷಯವನ್ನು ವಿಸ್ತಾರವಾಗಿ ಬರೆಯುವುದಕ್ಕೆ ವಾಚಕರು ಬೇಸರಪಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 65 ದಾಟಿದವರಲ್ಲಿ ಹೆಚ್ಚು ಕಡಿಮೆ ಮೂವರಿಗೊಬ್ಬರು ವರ್ಷದಲ್ಲಿ ಒಮ್ಮೆಯಾದರೂ ಬೀಳುತ್ತಾರೆ. ಒದ್ದೆ ನೆಲ, ಸೋಪು, ಬರಿಗಾಲು, ಬಾಗುವುದು, ಏಳುವುದು ಇವೆಲ್ಲ ಒಂದೆಡೆ ಸೇರುವುದು ಬಚ್ಚಲಿನಲ್ಲಿಯೇ. ನಮ್ಮದು ಎಂಟಡಿ ಚೌಕ. ನೆಲಕ್ಕೆ ಹೊಳೆಯುವ ಟೈಲು ಹಾಕದೆ, ಪಾಲಿಷ್ ಮಾಡದ ಶಹಾಬಾದ್ ಕಲ್ಲನ್ನು ಹಾಕಿಸಿದೆವು. ಕೋಣೆಗೂ ಬಚ್ಚಲಿಗೂ ಮೆಟ್ಟಿಲಿಲ್ಲ. ನೀರು ಕೋಣೆಗೆ ಬಾರದಂತೆ ಬಾಗಿಲ ಬಳಿ ಅಡ್ಡಲಾಗಿ ಒಂದು ಸಣ್ಣ ಕಾಲುವೆ, ಅದರ ಮೇಲೆ ಕಬ್ಬಿಣದ ಜಾಲರಿ. ಬಾಗಿಲು ಹೊರಕ್ಕೆ ತೆರೆಯುತ್ತದೆ. ಒಳಕ್ಕೆ ತೆರೆಯುವ ಬಾಗಿಲಾದರೆ, ಒಳಗೆ ಬಿದ್ದವರ ಮೈಯೇ ಅದಕ್ಕೆ ಅಡ್ಡವಾಗಿ ಯಾರೂ ಒಳಗೆ ಹೋಗಲಾಗುವುದಿಲ್ಲ. ಚಿಲಕವೂ ಹೊರಗಿನಿಂದ ತೆಗೆಯಬಹುದಾದುದು. ಈ ಸಂಗತಿ ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತು.

ಕುಕ್ಕರುಗಾಲಿನಲ್ಲಿ ಕೂರುವುದು ಆಗದಾದಾಗ ಕಮೋಡು ಬೇಕೇ ಬೇಕು. ಅದರ ಕೂರುವ ಎತ್ತರ ಹದಿನೆಂಟು ಅಂಗುಲವಿರಲಿ. ಅಂಗಡಿಯಲ್ಲಿ ಸಿಗುವ ಅನೇಕ ಕಮೋಡುಗಳು ಇದಕ್ಕಿಂತ ತಗ್ಗು, ಏಳುವಾಗ ಮಂಡಿ ಕೂಗುತ್ತದೆ. ಅದರ ನಡುಗೆರೆಯಿಂದ ಪಕ್ಕದ ಗೋಡೆಗೆ ಒಂದೂವರೆ ಅಡಿ. ಆ ಗೋಡೆಗೆ, ಕೂರುವ ಮಟ್ಟದಿಂದ ಎಂಟು ಅಂಗುಲ ಮೇಲೆ, ಮುಷ್ಟಿಗೆ ತುಂಬುವಷ್ಟು ದಪ್ಪದ ಒಂದು ಸ್ಟೀಲು ಸರಳು. ಟವೆಲು ಹಾಕುವ ಸರಳನ್ನು ನಂಬಿ ಬಿದ್ದವರು ಎಷ್ಟೋ ಮಂದಿ. ಇದು ಇಡೀ ಮೈಭಾರವನ್ನು ತಡೆಯಬೇಕು. ಆದುದರಿಂದ ಗೋಡೆ ಕಟ್ಟುವಾಗಲೇ ಆ ಜಾಗಗಳಲ್ಲಿ ಕಾಂಕ್ರೀಟಿನ ತುಂಡುಗಳನ್ನು ಕೂರಿಸಿ, ಬೋಲ್ಟುಗಳನ್ನು ಅವಕ್ಕೆ ಬಿಗಿಯಬೇಕು. ಎಲ್ಲೆಲ್ಲಿ ಎಂಬುದನ್ನು ತಾಯಿಯವರನ್ನೇ ಒಂದು ಕುರ್ಚಿಯ ಮೇಲೆ ಕೂರಿಸಿ, ಎದ್ದು ತೋರಿಸಿ ಎಂದು ಕೇಳಿ, ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡೆವು. ಎಡಗೈಯೇ ಅವರ ಊರುಗೋಲೆಂದು ನಮಗೆಲ್ಲ ತಿಳಿದದ್ದು ಆಗ.

ಸ್ನಾನಕ್ಕೆ ಹದಿನೆಂಟು ಅಂಗುಲದ ಒಂದು ಕಲ್ಲುಪೀಠ; ಅದರ ಪಕ್ಕದಲ್ಲಿ ಬಕೆಟ್ಟಿಡಲು ಸ್ವಲ್ಪ ತಗ್ಗಾದ ಇನ್ನೊಂದು ಪೀಠ. ಕುಳಿತಲ್ಲಿಂದ ಬಾಗದೆ ಚೊಂಬು ಅದ್ದಬಹುದು. ಷವರ್ ಇಟ್ಟಿದ್ದೇವೆ, ಚೊಂಬಿನಿಂದ ಸುರಿದುಕೊಳ್ಳದ ನೀರು ಸ್ನಾನವೆನಿಸುವುದಿಲ್ಲವಂತೆ. ಬಿಸಿನೀರು ಮಾಳಿಗೆಯ ಮೇಲಿನ ಸೋಲಾರಿನಿಂದ. ಮೋಡ ಕವಿದ ದಿನಗಳಲ್ಲಿ ದೊಡ್ಡ ಮನೆಯ ಹಂಡೆಯೇ ಗತಿ. ತಾಯಿಯವರಿಗೆ ಇದೊಂದು ರೀತಿಯ ಗೆಲುವು: "ನಿಮ್ಮ ಸೂರ್ಯಂಗೆ ಆಷಾಢದಲ್ಲಿ ರಜ" ಎನ್ನುತ್ತಾರೆ.

ಗೋಡೆಗೆ ಸುಟ್ಟ ಇಟ್ಟಿಗೆಯನ್ನು ಬಿಟ್ಟು ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಆರಿಸಿಕೊಂಡೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ಹಳ್ಳಿಗಳಿಗೆ ಒಪ್ಪುವ ತಂತ್ರಗಳನ್ನು ಹುಡುಕುವುದು ಅದರ ಕೆಲಸ. ಹೊಗೆ ಕಡಿಮೆ ಮಾಡುವ 'ಅಸ್ತ್ರ ಒಲೆ'ಯನ್ನು ಹಳೆಯ ತಲೆಮಾರಿನ ತಾಯಂದಿರು ಬಲ್ಲರು. ಮಣ್ಣಿನ ಇಟ್ಟಿಗೆಯನ್ನು ಅಷ್ಟು ಜನ ಬಲ್ಲವರಿಲ್ಲ. ಇದರ ಕ್ರಮ ಸರಳ. ಜರಡಿ ಹಿಡಿದ ಮಣ್ಣಿಗೆ ಬೇಕಾದಷ್ಟು ಮರಳು, ನೂರಕ್ಕೆ ಏಳು ಭಾಗ ಸಿಮೆಂಟು, ಸ್ವಲ್ಪ ತೇವ. ಕೈಯಿಂದ ನಡೆಸುವ ಯಂತ್ರದಲ್ಲಿಟ್ಟು ಉದ್ದನೆಯ ಹಿಡಿಯನ್ನು ಒತ್ತಿದರೆ ಇಟ್ಟಿಗೆ ಹೊರಬರುತ್ತದೆ. ಮೂರು ವಾರ ನೆರಳಿನಲ್ಲಿ ತೇವ ಆರದಂತೆ ಇಡಬೇಕು. ಭಟ್ಟಿಯಿಲ್ಲ, ಸೌದೆಯಿಲ್ಲ, ಸಾಗಾಣಿಕೆಯಿಲ್ಲ. ಪಾಯ ತೋಡಿದ ಮಣ್ಣೇ ಗೋಡೆಯಾಗಿ ನಿಲ್ಲುತ್ತದೆ.

ಆದರೆ ಎಲ್ಲ ಮಣ್ಣೂ ಇದಕ್ಕೆ ಆಗದು. ಒಂದು ಗಾಜಿನ ಸೀಸೆಯಲ್ಲಿ ಮಣ್ಣೂ ನೀರೂ ಹಾಕಿ ಚೆನ್ನಾಗಿ ಕುಲುಕಿ ಇಟ್ಟರೆ, ಮೊದಲು ಮರಳು ತಳಕ್ಕೆ ಕೂರುತ್ತದೆ, ಆಮೇಲೆ ನವುರು ಹುಡಿ, ಎಲ್ಲಕ್ಕೂ ಮೇಲೆ ಜೇಡಿ. ಮರಳಿನ ಪದರ ಅರ್ಧಕ್ಕೂ ಬಹಳ ಹೆಚ್ಚಾಗಿರಬೇಕು. ನಮ್ಮ ಕೆಂಪು ಮಣ್ಣಿಗೆ ಒಂದಿಷ್ಟು ಮರಳು ಬೆರೆಸಿದರೆ ಸಾಕಾಯಿತು. ಉತ್ತರದ ಜಿಲ್ಲೆಗಳ ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಅದನ್ನು ಹಾಗೆಯೇ ಬಳಸಲಾಗದು. ಮಣ್ಣಿನ ಗೋಡೆಗೆ ಎರಡು ಭಯ, ನೀರು ಮತ್ತು ಗೆದ್ದಲು. ಸೈಜುಗಲ್ಲಿನ ಪಾಯ, ಸುತ್ತ ಎರಡಡಿ ಸೂರು ಇದ್ದರೆ ಮೊದಲನೆಯದು ದೂರ. ಎರಡನೆಯದು ಸಿಮೆಂಟು ಬೆರೆತ ಇಟ್ಟಿಗೆಯ ತಂಟೆಗೆ ಬರುವುದಿಲ್ಲ. ಮರದ ಚೌಕಟ್ಟನ್ನು ಮಾತ್ರ ಕಾಯಬೇಕು.

ಮಾಳಿಗೆಗೆ ಕೊಟ್ಟಿಗೆಯ ಹಳೆಯ ಮಂಗಳೂರು ಹೆಂಚುಗಳು ಉಪಯೋಗಕ್ಕೆ ಬಂದವು. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹಬ್ಬಿದ ಹೆಂಚು ಇದು. ಕಾಂಕ್ರೀಟಿನ ಚಪ್ಪಡಿಯಲ್ಲಿ ಒತ್ತಡವನ್ನು ತಡೆಯುವುದು ಮೇಲಿನ ಭಾಗ; ಕೆಳಗಿನ ಭಾಗದ ಎಳೆತವನ್ನು ತಡೆಯುವುದು ಕಬ್ಬಿಣ, ಅಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಆದುದರಿಂದ ಕಬ್ಬಿಣದ ಸರಳುಗಳ ನಡುವೆ ಹೆಂಚುಗಳನ್ನು ಜೋಡಿಸಿ ಮೇಲೆ ಕಾಂಕ್ರೀಟು ಸುರಿದರೆ, ಸಿಮೆಂಟು ಉಳಿಯುತ್ತದೆ, ಭಾರ ಇಳಿಯುತ್ತದೆ, ಎರಡು ಹೆಂಚುಗಳ ನಡುವಿನ ಗಾಳಿ ಬಿಸಿಲನ್ನು ತಡೆಯುತ್ತದೆ. ಸರಳುಗಳ ಲೆಕ್ಕವನ್ನು ಮಾತ್ರ ಇಂಜಿನಿಯರಿಂದಲೇ ಮಾಡಿಸಬೇಕು. ಮಲಗಿದವರಿಗೆ ಕೆಳಗಿನಿಂದ ಹೆಂಚಿನ ಸಾಲು ಕಾಣುತ್ತದೆ. ಕೊಟ್ಟಿಗೆಯ ಹೆಂಚನ್ನು ತಾಯಿಯವರು ಗುರುತು ಹಿಡಿದರು.

ಸೂರೂ ಸೇರಿ ಮಾಳಿಗೆ ಸುಮಾರು 500 ಚದರಡಿ, ಎಂದರೆ 46 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 600 ಮಿಲಿಮೀಟರ್ ಮಳೆಯಾದ ವರ್ಷ, ಐದರಲ್ಲೊಂದು ಪಾಲು ಪೋಲಾಯಿತೆಂದು ಎಣಿಸಿದರೂ 22,000 ಲೀಟರ್ ಕೈಗೆ ಬರುತ್ತದೆ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು ಮಿಕ್ಕದ್ದನ್ನು ಜಲ್ಲಿ ಮರಳಿನ ಮೂಲಕ ಸೋಸಿ ತೊಟ್ಟಿಗೆ, ತುಂಬಿ ಹೆಚ್ಚಾದುದನ್ನು ಹಳೆಯ ಬಾವಿಗೆ ಬಿಡುತ್ತೇವೆ. ಬಚ್ಚಲ ನೀರು ಬಾಳೆಯ ಬುಡಕ್ಕೆ.

ಕಣ್ಣಿನ ವಿಷಯವನ್ನು ಮರೆಯುವವರೇ ಹೆಚ್ಚು. ಇಪ್ಪತ್ತರ ಕಣ್ಣಿಗೆ ಸಾಕೆನಿಸುವ ಬೆಳಕಿನ ಎರಡು ಮೂರು ಪಟ್ಟು ಎಪ್ಪತ್ತರ ಕಣ್ಣಿಗೆ ಬೇಕು. ಆದರೆ ಬೆಳಕು ನೇರವಾಗಿ ಕಣ್ಣಿಗೆ ಹೊಡೆಯಬಾರದು. ಸ್ವಿಚ್ಚುಗಳು ಮೂರೂವರೆ ಅಡಿ ಎತ್ತರದಲ್ಲಿವೆ, ಒಂದು ಮಂಚದ ಪಕ್ಕದಲ್ಲಿಯೇ. ಮಂಚದಿಂದ ಬಚ್ಚಲಿಗೆ ಎಂಟು ಹೆಜ್ಜೆ; ಗೋಡೆಯುದ್ದಕ್ಕೂ ಹಿಡಿಯಲು ಮರದ ಪಟ್ಟಿ, ಕೆಳಗೆ ರಾತ್ರಿಯೆಲ್ಲ ಉರಿಯುವ ಒಂದು ಸಣ್ಣ ದೀಪ. ಮಂಚದ ಬಳಿಯೂ ಬಚ್ಚಲಿನಲ್ಲಿಯೂ ಒಂದೊಂದು ಕರೆಗಂಟೆಯ ಗುಂಡಿ, ಗಂಟೆ ನಮ್ಮ ಕೋಣೆಯಲ್ಲಿ. ಬಚ್ಚಲಿನ ಗುಂಡಿ ನೆಲದಿಂದ ಒಂದಡಿ ಎತ್ತರದಲ್ಲಿದೆ, ಏಕೆಂದರೆ ಅದು ಬೇಕಾಗುವುದು ಬಿದ್ದವರಿಗೆ.

ಇಷ್ಟೆಲ್ಲ ಆದರೂ ತಾಯಿಯವರ ಪ್ರಶ್ನೆ ಹಾಗೆಯೇ ಉಳಿಯುತ್ತಿತ್ತು, ಇನ್ನೆರಡು ಸಂಗತಿಗಳು ಇಲ್ಲದಿದ್ದರೆ. ಮೊದಲನೆಯದು ಅಡಿಗೆಮನೆ. ಊಟ ದೊಡ್ಡ ಮನೆಯಿಂದಲೇ ಹೋಗುವಾಗ ಬೇರೆ ಒಲೆ ಏಕೆಂದು ನೆಂಟರು ಕೇಳಿದರು. ಬೇರೆ ಒಲೆಯೆಂದರೆ ಮನೆ ಒಡೆದಂತೆ ಎಂಬುದು ಅವರ ಇಂಗಿತ. ನಮ್ಮ ಮನೆಯವರು ಮಾತ್ರ, ಒಲೆಯಿಲ್ಲದಿದ್ದರೆ ಅದು ಆಸ್ಪತ್ರೆಯ ವಾರ್ಡಾಗುತ್ತದೆ ಎಂದು ಹಟ ಹಿಡಿದರು. ಈಗ ಅಲ್ಲಿ ಎರಡೂವರೆ ಅಡಿ ಎತ್ತರದ ಕಟ್ಟೆಯಿದೆ, ಕೆಳಗೆ ಕಾಲು ಚಾಚಲು ಜಾಗ ಬಿಟ್ಟಿದೆ. ಕುರ್ಚಿಯಲ್ಲಿ ಕುಳಿತೇ ಕೆಲಸ ಮಾಡಬಹುದು. ಕಪಾಟುಗಳು ಮಂಡಿಗಿಂತ ಕೆಳಗಿಲ್ಲ, ಭುಜಕ್ಕಿಂತ ಮೇಲಿಲ್ಲ. ಬೆಳಗಿನ ಕಾಫಿ ಅವರದೇ. ಕೆಲವು ದಿನ ನಾವೇ ಅಲ್ಲಿಗೆ ಹೋಗಿ ಕುಡಿಯುತ್ತೇವೆ. ರಾತ್ರಿಯ ಊಟ ಎಲ್ಲರಿಗೂ ದೊಡ್ಡ ಮನೆಯಲ್ಲಿ, ಕಾಲು ನೋಯುವ ದಿನ ಮೊಮ್ಮಗಳು ತಟ್ಟೆ ಒಯ್ಯುತ್ತಾಳೆ.

ಎರಡನೆಯದು ಬಾಗಿಲು. ಹಿತ್ತಲ ಮನೆಗೆ ದೊಡ್ಡ ಮನೆಯ ಮೂಲಕವೇ ಹೋಗಬೇಕಾದರೆ, ಅಲ್ಲಿರುವವರನ್ನು ಕಾಣಲು ಬರುವವರೆಲ್ಲ ಮಗ ಸೊಸೆಯರ ಅಪ್ಪಣೆ ಪಡೆದಂತಾಗುತ್ತದೆ. ನಮ್ಮ ಹಿತ್ತಲಿನ ಪಕ್ಕಕ್ಕೆ ಒಂದು ಓಣಿಯಿದೆ. ಬೇಲಿಯನ್ನು ಒಂದೆಡೆ ಬಿಡಿಸಿ ಗೇಟು ಇಟ್ಟು, ಮನೆಯ ಮೊಗವನ್ನು ಓಣಿಯ ಕಡೆಗೆ ತಿರುಗಿಸಿ, ಅಡಿಗೆಮನೆಯ ಮುಂದೆ ಒಂದು ಜಗಲಿ ಹಾಕಿದೆವು. ಹದಿನೆಂಟು ಅಂಗುಲ ಎತ್ತರ, ಒರಗಿ ಕೂರಲು ಬೆನ್ನುಗಂಬ. ಬೀಗದ ಕೈ ತಾಯಿಯವರ ಸೊಂಟದಲ್ಲಿದೆ. ಜೋಡಿ ಕೈ ನಮ್ಮಲ್ಲಿದ್ದರೂ ಬಾಗಿಲು ತಟ್ಟದೆ ಒಳಗೆ ಹೋಗುವುದಿಲ್ಲ. ಹೂವಿನವಳೂ ಹಳೆಯ ಗೆಳತಿಯರೂ ಈಗ ನೇರವಾಗಿ ಅಲ್ಲಿಗೇ ಹೋಗುತ್ತಾರೆ. ಗೃಹಪ್ರವೇಶದ ದಿನ ಯಾರೋ ವಿಳಾಸ ಕೇಳಿದಾಗ, ಓಣಿಯ ಮೂರನೆಯ ಮನೆ ಎಂದು ತಾಯಿಯವರು ಹೇಳಿದರು. ಹಿತ್ತಲು ಎನ್ನಲಿಲ್ಲ.

ಕಟ್ಟಲು ಹೊರಡುವವರು ಸ್ಥಳೀಯ ಸಂಸ್ಥೆಯಿಂದ ಪರವಾನಗಿ ಪಡೆದೇ ಮುಂದುವರಿಯಬೇಕು. ಗಡಿಯಿಂದ ಬಿಡಬೇಕಾದ ಜಾಗದ ನಿಯಮ ಊರಿಂದೂರಿಗೆ ಬೇರೆ. ಸಾಮಾನುಗಳ ಬೆಲೆ ವರ್ಷಕ್ಕೊಂದಾಗುವುದರಿಂದ ರೂಪಾಯಿಯ ಲೆಕ್ಕವನ್ನು ಇಲ್ಲಿ ಬರೆದಿಲ್ಲ; ಕಾಲೇಜಿಗೆ ಬಂದು ಕೇಳಿದವರಿಗೆ ನಕ್ಷೆಯನ್ನೂ ಪಟ್ಟಿಯನ್ನೂ ತೋರಿಸಬಲ್ಲೆ. ಗಾಲಿಕುರ್ಚಿ ತಿರುಗಲೆಂದು ಕೋಣೆಯಲ್ಲಿ ಬಿಟ್ಟ ಐದಡಿ ಜಾಗದಲ್ಲಿ ಸದ್ಯಕ್ಕೆ ಒಂದು ಕೊಬ್ಬರಿ ಮೂಟೆ ಇದೆ. ಬೇಕಾದಾಗ ತೆಗೆದರಾಯಿತು ಎಂದು ತಾಯಿಯವರ ಮಾತು.